ಮಗಳಿಗೊಂದು ಪತ್ರ: ಚಿಟ್ಟೆ ನೋಡಲು ಯಾವ ವ್ಯಾನು?

ಸಾಗರ
ಫೆಬ್ರವರಿ 3

ಪ್ರೀತಿಯ ಪುಟ್ಟಿ,

ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ನಿಮ್ಮಮ್ಮ ನಿನ್ನ ಅಡುಗೆಮನೆಯ ಡಬ್ಬಗಳನ್ನೆಲ್ಲ ಜಾಗ ಬದಲಿಸಿ ಇಟ್ಟಿರುತ್ತಾಳೆ. ಹಪ್ಪಳದ ಕಟ್ಟಿನ ಕೆಳಗೆ ಇಟ್ಟು ಕಳಿಸುತ್ತಿದ್ದೇನೆ. ವಾಟ್ಸಾಪಿನಲ್ಲೇ ಹೇಳಬಹುದಿತ್ತು. ಅಲ್ಲಿ ನಾನು ಎರಡು ಸಾಲು ಬರೆಯುವಷ್ಟರಲ್ಲಿ ನೀನು ಹೆಬ್ಬೆರಳಿನ ಚಿತ್ರ ಒತ್ತಿ ಹೋಗಿಬಿಡುತ್ತೀಯ. ಇದನ್ನಾದರೂ ಪೂರ್ತಿ ಓದು.

ನಿನ್ನ ಮೆಕ್ಸಿಕೋ ಸಿಟಿಯಿಂದ ಮೊನಾರ್ಕ್ ಚಿಟ್ಟೆ ನೋಡಲು ಅಮ್ಮನನ್ನು ಕರೆದುಕೊಂಡು ಹೋಗುತ್ತೇನೆ ಅಂತ ಮೂರು ಟೂರಿನ ವಿವರ ಕಳಿಸಿದ್ದೆ. "ಇಪ್ಪತ್ತಾರು ವರ್ಷ ಟೆಂಪೋ ಟ್ರಾವೆಲರ್ ಓಡಿಸಿದೀಯ, ಯಾವುದು ಬುಕ್ ಮಾಡಲಿ ನೀನೇ ಹೇಳು" ಅಂದಿದ್ದೆ. ನಾಲ್ಕು ದಿನ ಫೋನ್ ಹಿಡಿದು ಕೂತೆ. ಅಡಿಕೆ ವ್ಯಾಪಾರಿ ಬಂದರೂ ಏಳಲಿಲ್ಲ ಅಂತ ನಿಮ್ಮಮ್ಮ ನಿನಗೆ ಹೇಳಿರುತ್ತಾಳೆ. ಸುಳ್ಳಲ್ಲ.

ಮೊದಲು ಒಂದು ಹಳೇ ಕತೆ. ನಿನಗೆ ಯಾವತ್ತೂ ಹೇಳಿಲ್ಲ.

ನೀನು ಆಗ ಆರನೇ ಕ್ಲಾಸು. ಆಗಸ್ಟ್ ತಿಂಗಳು. ಶಿವಮೊಗ್ಗದ ಒಬ್ಬ ಏಜೆಂಟ್ ನನಗೆ ಒಂದು ಪಾರ್ಟಿ ಕೊಟ್ಟಿದ್ದ. ವಿಜಾಪುರದ ಕಡೆಯ ಹನ್ನೆರಡು ಜನ. ಇಕ್ಕೇರಿ, ಕೆಳದಿ, ಜೋಗ, ಸಿಗಂದೂರು, ಎಲ್ಲ ಒಂದೇ ದಿನದಲ್ಲಿ ಮುಗಿಯಬೇಕು. ಕಾಗದದ ಮೇಲೆ ಮುಗಿಯುತ್ತೆ. ಜೋಗಕ್ಕೆ ಹೋದಾಗ ಮಧ್ಯಾಹ್ನ. ಕಟ್ಟೆಯ ಆಚೆ ಬರೀ ಬಿಳಿ. ನೀರಿನ ಸದ್ದು ಬಿಟ್ಟರೆ ಏನೂ ಇಲ್ಲ. ಅವರಲ್ಲಿ ಒಬ್ಬರು ಅಜ್ಜ, ಹೆಗಲ ಟವೆಲ್ಲನ್ನು ತಲೆ ಮೇಲೆ ಹಾಕಿಕೊಂಡು ಕಂಬಿ ಹಿಡಿದು ನಿಂತಿದ್ದರು. "ಡ್ರೈವರ್ ಸಾಹೇಬ್ರ, ಒಂದೀಟು ಕಾಯೋಣೇನು?" ಅಂದರು. ಸಿಗಂದೂರಿಗೆ ದಾಟಿಸುವ ಹೊಳೆಬಾಗಿಲಿನ ಲಾಂಚ್ ತಪ್ಪಿದರೆ ಏಜೆಂಟ್ ನನ್ನ ದಿನದ ಬಾಟಾ ದುಡ್ಡು ಹಿಡಿಯುತ್ತಿದ್ದ. ಆಗಲ್ಲ ಅಜ್ಜಾರೆ ಅಂತ ಎಲ್ಲರನ್ನೂ ಹತ್ತಿಸಿದೆ. ಮಾರನೇ ದಿನ ಟೀ ಅಂಗಡಿಯವನು ಹೇಳಿದ, ನೀವು ಹೋಗಿ ಹತ್ತು ನಿಮಿಷಕ್ಕೆ ಮಂಜು ಸರಿದು ಹೋಯಿತು ಅಂತ. ರಾಜ, ರಾಣಿ ಎರಡೂ ಕಂಡವಂತೆ.

ಅದಾದ ಮೇಲೆ ಯಾವ ಟೂರಿನ ಪಟ್ಟಿ ನೋಡಿದರೂ ನಾನು ಹುಡುಕುವುದು ಒಂದನ್ನೇ. ಇದರಲ್ಲಿ ಕಾಯುವುದಕ್ಕೆ ಟೈಮ್ ಇದೆಯಾ?

ನೀವು ಹೋಗುವ ಕಾಡಿಗೆ ಇದು ಜೋಗಕ್ಕಿಂತಲೂ ಜಾಸ್ತಿ ಅನ್ವಯಿಸುತ್ತೆ. ಅಲ್ಲಿ ಚಿಟ್ಟೆಗಳು ಓಯಾಮೆಲ್ ಅನ್ನುವ ಮರಗಳಲ್ಲಿ ಗೊಂಚಲು ಗೊಂಚಲಾಗಿ ನೇತುಬಿದ್ದಿರುತ್ತವೆ. ರೆಕ್ಕೆ ಮುಚ್ಚಿದಾಗ ಥೇಟ್ ಒಣಗಿದ ಎಲೆ. ಒಂದೊಂದೂ ಅರ್ಧ ಗ್ರಾಮ್ ತೂಕ, ಆದರೂ ಕೊಂಬೆ ಬಾಗುವಷ್ಟು ಕೂತಿರುತ್ತವೆ. ಮೈ ಬಿಸಿಯಾಗದೆ ಅವಕ್ಕೆ ಹಾರಲು ಆಗುವುದಿಲ್ಲ. ಸುಮಾರು 13 ಡಿಗ್ರಿಯಾದರೂ ಬೇಕಂತೆ. ಮೋಡ ಇದ್ದರೆ ಬೆಳಗಿಂದ ಸಂಜೆವರೆಗೂ ಅಲ್ಲಾಡುವುದಿಲ್ಲ. ಬಿಸಿಲು ಬಿತ್ತೋ, ಒಂದು ನಿಮಿಷದಲ್ಲಿ ಇಡೀ ಮರ ಕಿತ್ತಳೆ ಬಣ್ಣಕ್ಕೆ ತಿರುಗಿ ಉದುರಿದ ಹಾಗೆ ಆಕಾಶಕ್ಕೆ ಏಳುತ್ತವೆ. ಒಂದು ವಿಡಿಯೋದಲ್ಲಿ ಯಾರೂ ಮಾತಾಡುವುದಿಲ್ಲ. ಫೋನ್ ಕಿವಿಗೆ ಹಿಡಿದು ಕೇಳಿದೆ. ಅಡಿಕೆ ಸೋಗೆಯ ಮೇಲೆ ಸಣ್ಣ ಮಳೆ ಬಿದ್ದ ಸದ್ದು. ರೆಕ್ಕೆಯ ಸದ್ದು ಅದು.

ಆ ಬಿಸಿಲಿನ ಹೊತ್ತು ಅಂದರೆ ಸುಮಾರು ಹನ್ನೊಂದರಿಂದ ಎರಡು. ಅಷ್ಟರಲ್ಲಿ ನೀವು ಮೇಲೆ ಇರಬೇಕು. ಕೆಳಗಿನ ಪಾರ್ಕಿಂಗಿನಲ್ಲಿ ಅಲ್ಲ.

ಈಗ ನಿನ್ನ ಮೂರು ಟೂರು.

ಮೊದಲನೇದು ಎಲ್ ರೊಸಾರಿಯೋಗೆ ಹೋಗುವ ದೊಡ್ಡ ಬಸ್ಸು. ಅಗ್ಗ. ಎಲ್ಲಕ್ಕಿಂತ ಹೆಸರಾದ ಜಾಗ, ಚಿಟ್ಟೆಗೇನೂ ಕೊರತೆ ಇಲ್ಲ. ಆದರೆ ಬಸ್ಸಿನ ಲೆಕ್ಕ ನೋಡು. ಬೆಳಗ್ಗೆ ಎಂಟೂವರೆಗೆ ಪಿಕಪ್ ಅಂತ ಹಾಕಿದ್ದಾರೆ. ಅದು ಮೊದಲ ಹೋಟೆಲ್ಲಿನ ಪಿಕಪ್ಪೋ ಕೊನೇದೋ? ಐದಾರು ಹೋಟೆಲ್ ಸುತ್ತಿದರೆ ಊರು ಬಿಡುವಾಗಲೇ ಒಂಬತ್ತೂವರೆ. ಅಲ್ಲಿಂದ ಹತ್ತಿರ ಹತ್ತಿರ ನಾಲ್ಕು ಗಂಟೆ ದಾರಿ. ಒಂದು ಕಡೆ ಟಾಯ್ಲೆಟ್ಟಿಗೆ ಅಂತ ನಿಲ್ಲಿಸುತ್ತಾರೆ, ಪಕ್ಕದಲ್ಲೇ ಅಂಗಡಿ ಇರುತ್ತೆ. ಆ ಅಂಗಡಿ ಅಲ್ಲಿ ಯಾಕಿದೆ ಅಂತ ನಿನ್ನಪ್ಪನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾನೂ ಕಮಿಷನ್ ತಿಂದವನೇ. ಬುಡಕ್ಕೆ ಬರುವಾಗ ಎರಡು. ಹತ್ತುವಾಗ ಮೂರು. ಬಿಸಿಲು ಹೋಗಿ ಚಿಟ್ಟೆ ಮತ್ತೆ ಎಲೆಯಾಗಿ ಕೂತಿರುತ್ತೆ. ಬೇಡ.

ಮೂರನೇದು ಸಿಯೆರಾ ಚಿಂಕುವಾ, ಆಂಗಾಂಗೆಯೋ ಊರಿನ ಹತ್ತಿರ. ಹತ್ತೇ ಜನ, ಬೆಳಗ್ಗೆ ಆರಕ್ಕೆ ಹೊರಡುವುದು. ವ್ಯಾನಿನವನು ಕಸಬು ಗೊತ್ತಿದ್ದವನ ಹಾಗೆ ಕಾಣುತ್ತಾನೆ. ನೀನು ಒಬ್ಬಳೇ ಆಗಿದ್ದರೆ ಕಣ್ಣು ಮುಚ್ಚಿ ಇದನ್ನೇ ಹೇಳುತ್ತಿದ್ದೆ. ಆದರೆ ಹೋಗಿ ಬರುವುದೇ ಏಳೆಂಟು ಗಂಟೆ. ನಿಮ್ಮಮ್ಮನಿಗೆ ಸೊಂಟ ಹಿಡಿಯುತ್ತೆ. ಇನ್ನೊಂದು ವಿಷಯ, ಇದರಲ್ಲಿ ಡ್ರೈವರೇ ಗೈಡು. ಬೆಳಗ್ಗೆ ನಾಲ್ಕಕ್ಕೆ ಎದ್ದವನು, ಬೆಟ್ಟ ಹತ್ತಿ ಇಳಿದು, ಹೊಟ್ಟೆ ತುಂಬ ಉಂಡು, ಸಂಜೆ ಐದಕ್ಕೆ ಮತ್ತೆ ಸ್ಟೇರಿಂಗ್ ಹಿಡಿಯುತ್ತಾನೆ. ಆ ಹೊತ್ತಿನ ನಿದ್ದೆ ನನಗೆ ಗೊತ್ತು. ಕಣ್ಣು ತೆರೆದೇ ಇರುತ್ತೆ, ರಸ್ತೆ ಮಾತ್ರ ಕಾಣುವುದಿಲ್ಲ.

ಎರಡನೇದು ಪಿಯೆದ್ರಾ ಎರಾದಾ, ವಾಯೆ ದೆ ಬ್ರಾವೋ ದಾರಿಯಲ್ಲಿ. ಎರಡು, ಎರಡೂವರೆ ಗಂಟೆ ಪ್ರಯಾಣ. ಗೈಡ್ ಬೇರೆ, ಡ್ರೈವರ್ ಬೇರೆ. ಹತ್ತುವ ದಾರಿ ಕಡಿದು ಅಂತ ಹೋಗಿಬಂದವರೆಲ್ಲ ಹೇಳುತ್ತಾರೆ. ಆದರೂ ನನ್ನ ಓಟು ಇದಕ್ಕೇ. ವ್ಯಾನಿನಲ್ಲಿ ಉಳಿಯುವ ಮೂರು ಗಂಟೆ ಬೆಟ್ಟಕ್ಕೆ ಸಿಗುತ್ತೆ. ಒಂದೇ ತೊಡಕು, ಮಧ್ಯಾಹ್ನ ಕೆರೆಯಲ್ಲಿ ಬೋಟಿಂಗ್ ಸೇರಿಸಿದ್ದಾರೆ. ಅದೇ ನನ್ನ ಸಿಗಂದೂರು ಲಾಂಚ್! ಹಾಗಾಗಿ ದುಡ್ಡು ಕಟ್ಟುವ ಮುಂಚೆ ಒಂದು ಪ್ರಶ್ನೆ ಕೇಳು. "ಹನ್ನೆರಡು ಗಂಟೆಗೆ ಮೋಡ ಇದ್ದು ಚಿಟ್ಟೆ ಹಾರದಿದ್ದರೆ, ಬೋಟ್ ಬಿಟ್ಟು ಮೇಲೆ ಕಾಯುತ್ತೀರಾ?" ನಿನ್ನ ಸ್ಪ್ಯಾನಿಷಿನಲ್ಲೇ ಕೇಳು, ಬರೆದು ಕೊಡಿ ಅನ್ನು. ಹೌದು ಅಂದರೆ ಬುಕ್ ಮಾಡು. "ನೋಡೋಣ ಮೇಡಂ" ಅನ್ನುವ ಹಾಗೆ ಏನಾದರೂ ಅಂದರೆ ಬಿಡು. ನೋಡೋಣ ಅಂದರೆ ಇಲ್ಲ ಅಂತಲೇ ಅರ್ಥ, ಎಲ್ಲ ದೇಶದಲ್ಲೂ.

ಶನಿವಾರ, ಭಾನುವಾರ ಬೇಡ. ಮೆಕ್ಸಿಕೋ ಸಿಟಿಯ ಅರ್ಧ ಜನ ಅಲ್ಲೇ ಇರುತ್ತಾರೆ. ಜನ ಜಾಸ್ತಿ ಆದರೆ ಗುಂಪು ಗುಂಪಾಗಿ ಬಿಟ್ಟು, ಮುಂದೆ ಹೋಗಿ ಅಂತ ಕಳಿಸುತ್ತಾರೆ. ಮೂರನೇ ವಾರದ ಬುಧವಾರ ರಜೆ ಹಾಕು. ಆ ಹೊತ್ತಿಗೆ ಬಿಸಿಲೂ ಏರಿರುತ್ತೆ, ಚಿಟ್ಟೆಗಳು ಜೋಡಿ ಕೂಡುವುದಕ್ಕೆ, ನೀರಿಗೆ ಅಂತ ಹಾರಾಟ ಜಾಸ್ತಿ ಮಾಡುತ್ತವೆ. ಮಾರ್ಚ್ ಹೊತ್ತಿಗೆ ವಾಪಸ್ ಹೊರಟುಬಿಡುತ್ತವೆ.

ಅಮ್ಮ ಬಂದ ಮೂರನೇ ದಿನಕ್ಕೇ ಹೊರಡಬೇಡ. ನಿನ್ನ ಊರೇ 2,240 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿ 1,930. ಅಂದರೆ ನೀನು ದಿನಾ ಸೊಪ್ಪು ತರುವ ಸಂತೆ ಮುಳ್ಳಯ್ಯನಗಿರಿಯ ತುದಿಗಿಂತ ಮೇಲಿದೆ! ಚಿಟ್ಟೆ ಕಾಡು ಮೂರು ಸಾವಿರ ಮೀಟರ್. ನಡೆಯುವಾಗ ನಿಧಾನ. ಕುದುರೆ ಸಿಗುತ್ತೆ, ಅದರ ದುಡ್ಡು ಸಾಮಾನ್ಯವಾಗಿ ಟೂರಿನಲ್ಲಿ ಸೇರಿರುವುದಿಲ್ಲ. ಅಲ್ಲಿನ ಹಳ್ಳಿಯವರ ಕೈಗೇ ಕೊಡಬೇಕು. ಚಿಲ್ಲರೆ ಪೆಸೋ ಇಟ್ಟುಕೊ, ಬೆಟ್ಟದ ಮೇಲೆ ಕಾರ್ಡ್ ಉಜ್ಜಲು ಆಗಲ್ಲ. ನಿಮ್ಮಮ್ಮ "ನಾನು ಕುದುರೆ ಹತ್ತಲ್ಲ" ಅಂತ ಇಲ್ಲಿಂದಲೇ ಘೋಷಣೆ ಮಾಡಿಕೊಂಡು ಹೊರಟಿದ್ದಾಳೆ. ಹತ್ತುವಾಗ ಜಗಳ ಆಡಬೇಡ. ಅರ್ಧ ದಾರಿಯಲ್ಲಿ ತಾನೇ ಕೇಳುತ್ತಾಳೆ. ಇಳಿಯುವಾಗ ಮಾತ್ರ ಕೈ ಹಿಡಿದುಕೊ, ಮಂಡಿಗೆ ಪೆಟ್ಟು ಇಳಿಜಾರಿನಲ್ಲೇ.

ಟೂರ್ ಕಂಪನಿಯ ಗೈಡ್ ಏನೇ ಹೇಳಲಿ, ಬೆಟ್ಟದ ಮೇಲೆ ನೀವು ಹಳ್ಳಿಯ ಗೈಡ್ ಹಿಂದೆ ಇರಿ. ಆ ಕಾಡು ಹಳ್ಳಿಯವರದ್ದೇ. ಟಿಕೆಟ್, ದಾರಿ, ಕುದುರೆ ಎಲ್ಲ ನೋಡಿಕೊಳ್ಳುವವರು ಅವರೇ. ನಾನು ಓದಿದ ಕಡೆಯೆಲ್ಲ 1975ರ ಜನವರಿಯಲ್ಲಿ ಈ ಜಾಗ "ಪತ್ತೆಯಾಯಿತು" ಅಂತ ಬರೆದಿದ್ದಾರೆ. ಕೆನಡಾದ ವಿಜ್ಞಾನಿ ಫ್ರೆಡ್ ಅರ್ಕಾರ್ಟ್ ವರ್ಷಗಟ್ಟಲೆ ರೆಕ್ಕೆಗೆ ಚೀಟಿ ಅಂಟಿಸಿ ಇವು ಚಳಿಗಾಲಕ್ಕೆ ಎಲ್ಲಿಗೆ ಹೋಗುತ್ತವೆ ಅಂತ ಹುಡುಕುತ್ತಿದ್ದರು. ಅವರ ಪರವಾಗಿ ಕೆನ್ ಬ್ರಗರ್, ಕತಲೀನಾ ಅಗ್ವಾದೊ ಅನ್ನುವ ಇಬ್ಬರು ಕೊನೆಗೆ ಬೆಟ್ಟ ಹತ್ತಿ ಕಂಡರು. ಸರಿ, ದೊಡ್ಡ ಕೆಲಸವೇ. ಆದರೆ ಅಲ್ಲಿ ಸೌದೆ ತರಲು ಹೋಗುತ್ತಿದ್ದವರಿಗೆ ಮೊದಲೇ ಗೊತ್ತಿತ್ತಲ್ವಾ? ಚಿಟ್ಟೆ ಬರುವುದು ನವೆಂಬರ್ ಶುರುವಿಗೆ, ಅವರು ತೀರಿಹೋದವರಿಗೆ ಎಡೆ ಇಡುವ ಹಬ್ಬದ ಹೊತ್ತಿಗೆ ಸರಿಯಾಗಿ. ಹಿರಿಯರೇ ಬಂದರು ಅಂತ ನಂಬುತ್ತಾರಂತೆ. ನಮ್ಮಲ್ಲಿ ಕಾಗೆ, ಅಲ್ಲಿ ಚಿಟ್ಟೆ.

ನನಗೆ ತಲೆ ಕೆಟ್ಟಿದ್ದು ಇನ್ನೊಂದು ವಿಷಯಕ್ಕೆ. ಕೆನಡಾ, ಅಮೆರಿಕದಿಂದ ನಾಲ್ಕು ಸಾವಿರ ಕಿಲೋಮೀಟರ್ ವರೆಗೂ ಹಾರಿ ಬರುವ ಈ ಚಿಟ್ಟೆಗಳಲ್ಲಿ ಒಂದೂ ಮುಂಚೆ ಆ ಬೆಟ್ಟ ನೋಡಿದ್ದಲ್ಲ. ಬೇಸಿಗೆಯ ಚಿಟ್ಟೆ ಬದುಕುವುದೇ ಕೆಲವು ವಾರ. ಹೋದ ವರ್ಷ ಅಲ್ಲಿಂದ ಹೊರಟವುಗಳ ಮೊಮ್ಮಕ್ಕಳೋ ಮರಿಮಕ್ಕಳೋ ವಾಪಸ್ ಬರುತ್ತವೆ. ಈ ಒಂದು ತಲೆಮಾರು ಮಾತ್ರ ಎಂಟು ತಿಂಗಳಷ್ಟು ಬದುಕುತ್ತೆ. ಮ್ಯಾಪ್ ಇಲ್ಲ, ರೂಟ್ ಗೊತ್ತಿರುವ ಸೀನಿಯರ್ ಡ್ರೈವರೂ ಇಲ್ಲ.

ಎಷ್ಟು ಚಿಟ್ಟೆ ಅಂತ ಅಲ್ಲಿ ತಲೆ ಎಣಿಸುವುದಿಲ್ಲ, ಕೂತ ಕಾಡಿನ ಅಳತೆ ಹಿಡಿಯುತ್ತಾರೆ. ನಾನು ಎಕರೆಗೆ ತಿರುಗಿಸಿದೆ. 1996-97ರಲ್ಲಿ 45 ಎಕರೆ. 2013-14ರಲ್ಲಿ ಎರಡು ಎಕರೆಯೂ ಇಲ್ಲ, ನಮ್ಮ ಪಕ್ಕದ ಮನೆಯವರ ಅಡಿಕೆ ತೋಟದಷ್ಟು. 2024-25ರಲ್ಲಿ ನಾಲ್ಕೂವರೆ ಎಕರೆ ಹತ್ತಿರ. ಕಾಡು ಕಡಿದದ್ದು ಒಂದು ಕಾರಣ. ಮೇಲೆ ಅಮೆರಿಕದಲ್ಲಿ ಇವುಗಳ ಹುಳ ತಿನ್ನುವ ಹಾಲುಗಿಡವನ್ನು ಹೊಲಕ್ಕೆ ಕಳೆನಾಶಕ ಹೊಡೆದು ತೆಗೆದದ್ದು ಇನ್ನೊಂದು.

ಹಾಲುಗಿಡ ಅಂದರೆ ನಮ್ಮ ಎಕ್ಕದ ಬಳಗ. ನೀನು ಮೂರನೇ ಕ್ಲಾಸಿನಲ್ಲಿ ಹಿತ್ತಲಿನ ಎಕ್ಕದ ಗಿಡದಿಂದ ಪಟ್ಟೆ ಪಟ್ಟೆ ಹುಳ ತಂದು ಬೋರ್ನ್‌ವಿಟಾ ಬಾಟಲಿಯಲ್ಲಿ ಸಾಕಿದ್ದೆ, ನೆನಪಿದೆಯಾ? ಮುಚ್ಚಳಕ್ಕೆ ನಾನೇ ಮೊಳೆಯಿಂದ ತೂತು ಹೊಡೆದು ಕೊಟ್ಟಿದ್ದೆ. ಅದು ಹಸಿರು ಕೋಶ ಕಟ್ಟಿ, ಒಂದು ಬೆಳಗ್ಗೆ ಕಿತ್ತಳೆ ಚಿಟ್ಟೆಯಾಗಿ ಹೊರಗೆ ಬಂದು, ನಿನ್ನ ಯೂನಿಫಾರಂ ಮೇಲೆ ಕೂತು ರೆಕ್ಕೆ ಒಣಗಿಸಿಕೊಂಡಿತು. ನೀನು ಅಲ್ಲಾಡದೆ ನಿಂತಿದ್ದೆ. ಅವತ್ತು ಸ್ಕೂಲ್ ಬಸ್ಸು ತಪ್ಪಿತು. ಆ ಚಿಟ್ಟೆ ನೀವು ನೋಡಲು ಹೊರಟಿರುವ ಚಿಟ್ಟೆಗೆ ಹತ್ತಿರದ ದಾಯಾದಿ.

ನೆಲದ ಮೇಲೆ ಬಿದ್ದಿರುವವನ್ನು ತುಳಿಯಬೇಡಿ, ಜೀವ ಇರುತ್ತೆ. ಅಮ್ಮನಿಗೆ ಮಾತಾಡಬಾರದು ಅಂತ ವ್ಯಾನಿನಲ್ಲೇ ಹೇಳಿಬಿಡು, ಮೇಲೆ ಹೋಗಿ ಹೇಳಿದರೆ ಸಿಟ್ಟು ಮಾಡಿಕೊಳ್ಳುತ್ತಾಳೆ. ಸ್ವೆಟರ್ ಎರಡು.

ಮರೆಯದೆ ಒಂದು ಕೆಲಸ ಮಾಡು. ಎಷ್ಟಕ್ಕೆ ಹೊರಟಿರಿ, ಎಲ್ಲೆಲ್ಲಿ ನಿಲ್ಲಿಸಿದರು, ಬೆಟ್ಟದ ಬುಡಕ್ಕೆ ಎಷ್ಟಕ್ಕೆ, ಮೊದಲ ಚಿಟ್ಟೆ ಎದ್ದದ್ದು ಎಷ್ಟಕ್ಕೆ, ವಾಪಸ್ ಎಷ್ಟಕ್ಕೆ, ಎಲ್ಲ ಬರೆದಿಟ್ಟುಕೊ. ಫೋಟೋ ಅಮ್ಮ ಹೇಗೂ ಕಳಿಸುತ್ತಾಳೆ. ನನಗೆ ಟ್ರಿಪ್ ಶೀಟ್ ಬೇಕು.

ನಿನ್ನ
ಅಪ್ಪ