ಆಲ್ಬಂ ಬಂದ ದಿನವೇ ತೀರ್ಪು ಬೇಡ

ಮಾನ್ಯರೇ,

ರಾಕ್ ಬ್ಯಾಂಡ್‌ಗಳ ಹೊಸ ಆಲ್ಬಂ ಬಿಡುಗಡೆಯಾದ ದಿನವೇ ಸ್ಟಾರ್ ಕೊಟ್ಟು ವಿಮರ್ಶೆ ಮುಗಿಸುವ ರೂಢಿ ಸರಿಯಲ್ಲ. ಇಂಗ್ಲೆಂಡಿನ ಶೆಫೀಲ್ಡ್‌ನ ಆರ್ಕ್‌ಟಿಕ್ ಮಂಕೀಸ್ ಬ್ಯಾಂಡನ್ನೇ ನೋಡಿ. 2013ರ ‘ಎಎಂ’ ಆಲ್ಬಂನ ಗಿಟಾರ್ ಅಬ್ಬರಕ್ಕೆ ಜನ ಮರುಳಾಗಿದ್ದರು. 2018ರ ‘ಟ್ರಾಂಕ್ವಿಲಿಟಿ ಬೇಸ್ ಹೋಟೆಲ್ ಆ್ಯಂಡ್ ಕ್ಯಾಸಿನೊ’ದಲ್ಲಿ ಗಿಟಾರ್ ಹಿಂದೆ ಸರಿದು ಪಿಯಾನೊ ಮುಂದೆ ಬಂತು. ಹಾಡುಗಳ ಲೋಕವೇ ಚಂದ್ರನ ಮೇಲಿನ ಒಂದು ಹೋಟೆಲ್! ಮುಂಚಿತವಾಗಿ ಒಂದು ಸಿಂಗಲ್ (ಬಿಡಿ ಹಾಡು) ಕೂಡ ಬಿಟ್ಟಿರಲಿಲ್ಲ. ಕೇಳುಗರು ಎರಡು ಪಾಲಾದರು, ಎಷ್ಟೋ ಹಳೆಯ ಅಭಿಮಾನಿಗಳು ಮುನಿಸಿಕೊಂಡರು. ಆದರೂ ಅದು ಬ್ರಿಟನ್ನಿನ ಆಲ್ಬಂ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು, ಅಲ್ಲಿ ವರ್ಷದ ಅತ್ಯುತ್ತಮ ಆಲ್ಬಂಗೆ ಕೊಡುವ ಮರ್ಕ್ಯುರಿ ಪ್ರಶಸ್ತಿಗೆ ನಾಮನಿರ್ದೇಶನವನ್ನೂ ಪಡೆಯಿತು.

ಇಂಥ ಹಾಡುಗಳು ಕಿವಿಗೆ ಒಗ್ಗಲು ಸಮಯ ಬೇಕು, ಅಲ್ವಾ? ‘ಹಳೆಯದರ ಹಾಗೆ ಇಲ್ಲ’ ಎನ್ನುವುದು ದೂರು ಆಗಬಹುದು, ವಿಮರ್ಶೆಯಾಗುವುದಿಲ್ಲ.

ಬಿಡುಗಡೆಯ ವಾರ ಆಲ್ಬಂನಲ್ಲಿ ಏನಿದೆ ಎಂದಷ್ಟೇ ಪತ್ರಿಕೆ ತಿಳಿಸಲಿ. ಎರಡು ಮೂರು ತಿಂಗಳ ಬಳಿಕ, ಜಾಸ್ತಿ ಸಲ ಕೇಳಿದವರಿಂದ ವಿಮರ್ಶೆ ಬರೆಸಲಿ. ಪಕ್ಕದಲ್ಲೇ, ಅದನ್ನು ಮೆಚ್ಚದ ಕೇಳುಗರೊಬ್ಬರ ನಾಲ್ಕು ಮಾತಿಗೂ ಜಾಗ ಕೊಡಲಿ. ಬೆಂಗಳೂರಿನ ಬ್ಯಾಂಡ್‌ಗಳ ಆಲ್ಬಂಗಳಿಗೂ ಇದೇ ಕ್ರಮ ಇರಲಿ.

– ಓದುಗ, ಮೈಸೂರು