ಏರುವುದಕ್ಕಿಂತ ಇಳಿಯುವುದೇ ಕಷ್ಟ

ಮಾನ್ಯ ಸಂಪಾದಕರೇ,

2025ರ ಜೂನ್‌ನಲ್ಲಿ ನೇರವಾಗಿ ಇಳಿಯಬಲ್ಲ ಬ್ರಿಟನ್ನಿನ ಎಫ್-35ಬಿ ಯುದ್ಧವಿಮಾನ ತಿರುವನಂತಪುರದಲ್ಲಿ ಇಳಿದು ಐದು ವಾರಕ್ಕೂ ಹೆಚ್ಚು ಕಾಲ ನಿಂತಿದ್ದಾಗಿನಿಂದ, ನೇರವಾಗಿ ಮೇಲೇರಿ ನೇರವಾಗಿ ಇಳಿಯುವ ಯುದ್ಧವಿಮಾನವನ್ನು ನಾವೇಕೆ ತಯಾರಿಸಬಾರದು ಎಂಬ ಪ್ರಶ್ನೆ ಆಗಾಗ ಕೇಳಿಬರುತ್ತಿದೆ. ಈ ಚರ್ಚೆಯಲ್ಲಿ ಎಂಜಿನ್‌ನ ಮಾತೇ ಬರುತ್ತಿಲ್ಲವೆಂಬುದು ನನ್ನ ಕೊರಗು.

ಓಡುವ ವಿಮಾನದ ಭಾರವನ್ನು ರೆಕ್ಕೆಗಳು ಹೊರುತ್ತವೆ. ನಿಂತಲ್ಲೇ ತೇಲುವ ವಿಮಾನದ ಇಡೀ ಭಾರ ಎಂಜಿನ್ನಿನ ಮೇಲೆಯೇ ಬೀಳುತ್ತದೆ. ನಮ್ಮ ನೌಕಾಪಡೆ 1983ರಿಂದ 2016ರವರೆಗೆ ಹಾರಿಸಿದ ಸೀ ಹ್ಯಾರಿಯರ್‌ನ ಪೆಗಾಸಸ್ ಎಂಜಿನ್‌ನ ನೂಕುಬಲ ಸುಮಾರು 9,700 ಕಿಲೋ. ವಿಮಾನ, ಇಂಧನ, ಶಸ್ತ್ರಾಸ್ತ್ರ ಎಲ್ಲವೂ ಅಷ್ಟರೊಳಗೇ ಮುಗಿಯಬೇಕಾದ್ದರಿಂದ, ಐಎನ್‌ಎಸ್ ವಿರಾಟ್ ವಿಮಾನವಾಹಕ ಹಡಗಿನಲ್ಲಿ ಅದು ಸ್ವಲ್ಪ ದೂರ ಓಡಿ, ಮೇಲಕ್ಕೆ ಬಾಗಿದ ಅಂಚಿನಿಂದ ಹಾರುತ್ತಿತ್ತು. ನೇರವಾಗಿ ಇಳಿಯುತ್ತಿದ್ದುದು ಮರಳುವಾಗ. ನಿಜವಾದ ಪರೀಕ್ಷೆ ಅಲ್ಲೇ. ಅರಬ್ಬೀ ಸಮುದ್ರದ ಬಿಸಿ ಗಾಳಿ ತೆಳುವಾದಷ್ಟೂ ನೂಕುಬಲ ಕುಗ್ಗುತ್ತದೆ. ಎಂಜಿನ್ ಮಿತಿಮೀರಿ ಕಾಯದಂತೆ ಅದಕ್ಕೆ ನೀರು ಸಿಂಪಡಿಸಬೇಕಾಗುತ್ತದೆ, ಆ ನೀರಾದರೂ ಅಲ್ಪಕಾಲಕ್ಕೆ ಮಾತ್ರ ಸಾಲುತ್ತದೆ. ಡೆಕ್ಕಿಗೆ ಬಡಿದು ಪುಟಿಯುವ ತನ್ನದೇ ಬಿಸಿ ಹೊಗೆಯನ್ನು ಎಂಜಿನ್ ಒಳಗೆಳೆದುಕೊಂಡರೆ, ನೆಲಕ್ಕೆ ಕೆಲವೇ ಅಡಿಗಳಿರುವಾಗ ಬಲ ಕುಸಿಯುತ್ತದೆ. ವೇಗವಿಲ್ಲದಿರುವಾಗ ರೆಕ್ಕೆ–ಬಾಲಗಳ ನಿಯಂತ್ರಣ ಫಲಕಗಳೂ ಕೆಲಸಕ್ಕೆ ಬಾರವು. ಮೂತಿ, ಬಾಲ ಮತ್ತು ರೆಕ್ಕೆಯ ತುದಿಗಳಿಂದ ಒತ್ತಡದ ಗಾಳಿಯನ್ನು ಊದಿ ಸಮತೋಲ ಕಾಯಬೇಕು. ಆ ಗಾಳಿಯನ್ನೂ ಅದೇ ಎಂಜಿನ್ ಒದಗಿಸಬೇಕು!

ಎಫ್-35ಬಿಯಲ್ಲಿ ಪೈಲಟ್‌ನ ಹಿಂದೆಯೇ ದೊಡ್ಡ ಫ್ಯಾನ್ ಇದ್ದು, ಮುಖ್ಯ ಎಂಜಿನ್ ಅದನ್ನು ಶಾಫ್ಟ್ ಮತ್ತು ಕ್ಲಚ್ ಮೂಲಕ ತಿರುಗಿಸುತ್ತದೆ. ಫ್ಯಾನ್ ಕೆಳಕ್ಕೆ ತಳ್ಳುವ ತಂಪು ಗಾಳಿ ಬಿಸಿ ಹೊಗೆಯನ್ನು ಮುಂಭಾಗಕ್ಕೆ ಬಾರದಂತೆ ತಡೆಯುವುದು ನಿಜಕ್ಕೂ ಮೆಚ್ಚತಕ್ಕ ಜಾಣ್ಮೆ. ಆದರೆ ಉಳಿದ ಹಾರಾಟವಿಡೀ ಆ ಫ್ಯಾನ್ ಬರಿಯ ಹೊರೆ. ಸಾಮಾನ್ಯ ರನ್‌ವೇ ಬಳಸುವ ಇದರ ಸೋದರ ಮಾದರಿ ಎಫ್-35ಎ ವಿಮಾನದ ಒಡಲಲ್ಲಿ ಸುಮಾರು 8,300 ಕಿಲೋ ಇಂಧನ ಹಿಡಿದರೆ, ಎಫ್-35ಬಿಯಲ್ಲಿ ಹಿಡಿಯುವುದು ಸುಮಾರು 6,000 ಕಿಲೋ ಮಾತ್ರ.

ಬೆಂಗಳೂರಿನಲ್ಲಿ ರೂಪುಗೊಂಡ ನೌಕಾ ತೇಜಸ್ 2020ರ ಜನವರಿಯಲ್ಲಿ ಐಎನ್‌ಎಸ್ ವಿಕ್ರಮಾದಿತ್ಯದ ಮೇಲೆ ತಂತಿಗೆ ಕೊಕ್ಕೆ ಸಿಕ್ಕಿಸಿ ಇಳಿದು ತೋರಿಸಿದೆ. ನಮ್ಮ ವಿಮಾನವಾಹಕ ಹಡಗುಗಳಿಗೆ ಆ ದಾರಿಯೇ ಸೂಕ್ತವೆಂದು ನಾನು ನಂಬಿದ್ದೇನೆ. ಬೆಂಗಳೂರಿನಲ್ಲೇ ಅಭಿವೃದ್ಧಿಗೊಂಡ ಕಾವೇರಿ ಎಂಜಿನ್ ಇನ್ನೂ ತೇಜಸ್‌ಗೆ ಬಲ ತುಂಬುವ ಹಂತ ಮುಟ್ಟಿಲ್ಲದಿರುವಾಗ, ಸರ್ಕಾರ ಹಣವನ್ನೂ ಪ್ರತಿಭಾವಂತ ಎಂಜಿನಿಯರ್‌ಗಳನ್ನೂ ಮೊದಲು ಟರ್ಬೈನ್ ಬ್ಲೇಡುಗಳಿಗೆ ಬೇಕಾದ ಶಾಖ ತಾಳುವ ಲೋಹಗಳಿಗೆ ಮತ್ತು ಎಂಜಿನ್ ಪರೀಕ್ಷಾ ಸೌಲಭ್ಯಗಳಿಗೆ ತೊಡಗಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ಒತ್ತಾಯಿಸುತ್ತೇನೆ.

– ಓದುಗ, ಬೆಂಗಳೂರು