ಸಾರಿಗೆ ಸಚಿವರಿಗೆ ಬಹಿರಂಗ ಪತ್ರ: ಜಾಗೃತಿ ಬಂದಾಗಿದೆ, ಬಸ್ಸು ಬರಲಿ

ಮಾನ್ಯ ಸಾರಿಗೆ ಸಚಿವರಿಗೆ,

ನಮಸ್ಕಾರ.

ನಮ್ಮ ಮನೆ ಹತ್ತಿರದ ಬಸ್ ಸ್ಟಾಪಿನ ಕಂಬಕ್ಕೆ ನಿಮ್ಮ ಇಲಾಖೆಯವರು ಒಂದು ಫ್ಲೆಕ್ಸ್ ಕಟ್ಟಿದ್ದಾರೆ. ‘ಪರಿಸರ ಉಳಿಸಿ, ಬಸ್ಸಿನಲ್ಲಿ ಓಡಾಡಿ’ ಅಂತ ದೊಡ್ಡ ಅಕ್ಷರದಲ್ಲಿ ಬರೆದಿದೆ. ಹೋದ ತಿಂಗಳು ಒಂದು ದಿನ ಬೆಳಿಗ್ಗೆ ನಾನು ಮತ್ತು ಮಗಳು ಅದರ ಕೆಳಗೆ ಮುಕ್ಕಾಲು ಗಂಟೆ ನಿಂತಿದ್ದೆವು. ಬಸ್ಸು ಬರಲಿಲ್ಲ. ಅವಳು ಆ ಅಕ್ಷರಗಳನ್ನು ಎಷ್ಟು ಸಲ ಓದಿದಳೋ ಗೊತ್ತಿಲ್ಲ. ಕೊನೆಗೆ ಮನೆಗೆ ವಾಪಸ್ ಹೋಗಿ ಪೆಟ್ರೋಲ್ ಸ್ಕೂಟರ್ ತೆಗೆದೆ. ಅವತ್ತಿನಿಂದ ದಿನಾ ಸ್ಕೂಟರ್‌ನಲ್ಲೇ ಹೋಗುತ್ತಿದ್ದೇವೆ.

ಫ್ಲೆಕ್ಸಿನಲ್ಲಿರುವ ಮಾತು ತಪ್ಪು ಅಂತ ನಾನು ಹೇಳುತ್ತಿಲ್ಲ. ಆ ಮಾತು ಸರಿ ಅಂತ ನಂಬಿದ್ದಕ್ಕೇ ಅವತ್ತು ಅಲ್ಲಿ ನಿಂತಿದ್ದೆ. ನಾನು ಹೇಳಬೇಕಾಗಿರುವುದು ಇಷ್ಟೇ: ಜಾಗೃತಿ ನಮಗೆ ಬಂದಾಗಿದೆ. ಹೊಗೆ ಕೆಟ್ಟದ್ದು ಅಂತ ಸಿಗ್ನಲ್‌ನಲ್ಲಿ ಮೂಗು ಮುಚ್ಚಿಕೊಳ್ಳುವ ಪ್ರತಿಯೊಬ್ಬರಿಗೂ ಗೊತ್ತು. ಗೊತ್ತಿದ್ದೂ ಅದೇ ಗಾಡಿ ಹತ್ತುತ್ತೇವೆ, ಯಾಕೆಂದರೆ ಬೇರೆ ದಾರಿ ಇಲ್ಲ. ಆ ದಾರಿ ಮಾಡಿಕೊಡುವ ಕೆಲಸ ನಿಮ್ಮ ಕೈಯಲ್ಲಿದೆ.

ಮಗಳಿಗೆ ಉಬ್ಬಸ ಇದೆ. ಬ್ಯಾಗಿನ ಮುಂದಿನ ಜೇಬಿನಲ್ಲಿ ಪೆನ್ಸಿಲ್ ಡಬ್ಬಿ ಪಕ್ಕ ಇನ್‌ಹೇಲರ್ ಇರುತ್ತದೆ. ಹಾಗಾಗಿ ಶಾಲೆಯ ಗೇಟಿನ ಮುಂದೆ ಬೆಳಿಗ್ಗೆ ಹತ್ತು ನಿಮಿಷ ಏನಾಗುತ್ತದೆ ಅನ್ನೋದನ್ನು ನಾನು ಜಾಸ್ತಿ ಗಮನಿಸುತ್ತೇನೆ. ಕಾರುಗಳು ಎರಡು ಸಾಲಿನಲ್ಲಿ ನಿಲ್ಲುತ್ತವೆ. ಇಂಜಿನ್ ಯಾರೂ ಆಫ್ ಮಾಡುವುದಿಲ್ಲ, ‘ಒಂದೇ ನಿಮಿಷ’ ಅಂತ. ಅವುಗಳ ನಡುವೆ ಸ್ಕೂಟರ್‌ಗಳು ತೂರುತ್ತವೆ. ಮಕ್ಕಳು ಬ್ಯಾಗು ಹೊತ್ತು ಗಾಡಿಗಳ ಸಂದಿಯಲ್ಲಿ ನಡೆದು ಹೋಗುತ್ತಾರೆ. ಒಂದು ಸಲ ಮಗಳ ಶೂ ಲೇಸ್ ಬಿಚ್ಚಿತ್ತು ಅಂತ ಬಗ್ಗಿ ಕೂತೆ. ಆಗಲೇ ತಿಳಿದದ್ದು, ಕಾರಿನ ಸೈಲೆನ್ಸರ್ ಇರುವುದು ಹೆಚ್ಚುಕಡಿಮೆ ಚಿಕ್ಕ ಮಕ್ಕಳ ಮುಖದ ಕೆಳಗೇ. ನಿಂತಾಗ ನನ್ನ ಮೂಗಿಗೆ ಬರುವ ವಾಸನೆ ಬೇರೆ, ಅಲ್ಲಿ ಕೂತಾಗ ಬಂದ ವಾಸನೆ ಬೇರೆ. ಎರಡು ಉಸಿರು ಎಳೆದದ್ದಕ್ಕೇ ಗಂಟಲು ಕೆರೆಯಿತು. ಮೈತೂಕಕ್ಕೆ ಹೋಲಿಸಿದರೆ ಮಕ್ಕಳು ನಮಗಿಂತ ಜಾಸ್ತಿ ಗಾಳಿ ಎಳೆದುಕೊಳ್ಳುತ್ತಾರೆ. ಅವರ ಶ್ವಾಸಕೋಶ ಇನ್ನೂ ಬೆಳೆಯುತ್ತಿರುತ್ತದೆ.

ಇನ್ನೊಂದು ವಿಷಯ ಜಾಸ್ತಿ ಜನರಿಗೆ ಗೊತ್ತಿಲ್ಲ. ಈಗಿನ ಕಾರುಗಳಲ್ಲಿ ಹೊಗೆ ಶುದ್ಧ ಮಾಡಲು ಕ್ಯಾಟಲಿಟಿಕ್ ಕನ್ವರ್ಟರ್ ಇರುತ್ತದೆ. ಅದು ಚೆನ್ನಾಗಿ ಬಿಸಿಯಾದ ಮೇಲಷ್ಟೇ ಸರಿಯಾಗಿ ಕೆಲಸ ಮಾಡುತ್ತದೆ. ತಣ್ಣಗಿರುವ ಇಂಜಿನ್ ಸ್ಟಾರ್ಟ್ ಮಾಡಿದ ಮೊದಲ ಒಂದೆರಡು ನಿಮಿಷದಲ್ಲೇ ಕೆಟ್ಟ ಹೊಗೆ ಹೆಚ್ಚು ಬರುವುದು. ಅಂದರೆ ಮನೆಯಿಂದ ಶಾಲೆಗೆ, ಶಾಲೆಯಿಂದ ವಾಪಸ್ ಮನೆಗೆ ಅಂತ ಓಡಿಸುವ ಎರಡು ಕಿಲೋಮೀಟರ್‌ನ ಆ ಚಿಕ್ಕ ಓಟವೇ, ಕಿಲೋಮೀಟರ್ ಲೆಕ್ಕದಲ್ಲಿ ನೋಡಿದರೆ, ಎಲ್ಲಕ್ಕಿಂತ ಕೊಳಕು. ನಡೆದೋ ಸೈಕಲ್‌ನಲ್ಲೋ ಹೋಗಬಹುದಾದ ದೂರವೂ ಅದೇ. ಆದರೆ ಫುಟ್‌ಪಾತ್ ಇಲ್ಲದ ರಸ್ತೆಯಲ್ಲಿ ಎಂಟು ವರ್ಷದ ಮಗುವನ್ನು ನಡೆಸಿಕೊಂಡು ಹೋಗಲು ಯಾವ ತಾಯಿಗೆ ಧೈರ್ಯ ಬರುತ್ತದೆ, ಹೇಳಿ?

ಒಂದು ಲೀಟರ್ ಪೆಟ್ರೋಲ್ ಸುಮಾರು ಮುಕ್ಕಾಲು ಕಿಲೋ ತೂಗುತ್ತದೆ, ಅಷ್ಟೇ. ಅದು ಉರಿದಾಗ ಗಾಳಿಯಲ್ಲಿರುವ ಆಮ್ಲಜನಕವನ್ನು ಸೇರಿಸಿಕೊಂಡು ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಇದು ಕಣ್ಣಿಗೆ ಕಾಣುವುದಿಲ್ಲ, ಭೂಮಿ ಬಿಸಿಯಾಗುವುದಕ್ಕೆ ಸೇರಿಕೊಳ್ಳುತ್ತದೆ. ಅದರ ಜೊತೆಗೆ ಬರುವ ನೈಟ್ರೋಜನ್ ಆಕ್ಸೈಡ್, ಬೆಂಜೀನ್, ಸಣ್ಣ ಕಣಗಳು ನಮ್ಮ ಎದೆಗೇ ಬರುತ್ತವೆ. ಪಿಎಂ 2.5 ಅಂತ ಕರೆಯುವ ಕಣ ತಲೆಕೂದಲಿನ ದಪ್ಪದ ಮೂವತ್ತರಲ್ಲಿ ಒಂದು ಪಾಲು ಇರಬಹುದು, ಅಷ್ಟೇ. ಮೂಗಿನ ಕೂದಲು ಅದನ್ನು ತಡೆಯುವುದಿಲ್ಲ. ಶ್ವಾಸಕೋಶದ ತಳಕ್ಕೆ ಹೋಗುತ್ತದೆ, ತೀರ ಸಣ್ಣವು ರಕ್ತಕ್ಕೂ ಸೇರುತ್ತವೆ. ಡೀಸೆಲ್ ಹೊಗೆಯಿಂದ ಕ್ಯಾನ್ಸರ್ ಬರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಹೇಳಿದೆ. 2021ರಲ್ಲಿ ಅದೇ ಸಂಸ್ಥೆ ಪಿಎಂ 2.5ರ ವಾರ್ಷಿಕ ಮಿತಿಯನ್ನು ಒಂದು ಘನ ಮೀಟರ್ ಗಾಳಿಗೆ 10 ಮೈಕ್ರೋಗ್ರಾಂನಿಂದ 5ಕ್ಕೆ ಇಳಿಸಿತು. ಅಂದರೆ ಮೊದಲು ‘ಇಷ್ಟಿದ್ದರೆ ಪರವಾಗಿಲ್ಲ’ ಅಂದುಕೊಂಡಿದ್ದೂ ಪರವಾಗಿಲ್ಲ ಅನ್ನುವಂತಿರಲಿಲ್ಲ.

ಲಂಡನ್ನಿನಲ್ಲಿ ವಾಹನ ದಟ್ಟಣೆಯ ಒಂದು ರಸ್ತೆಯ ಹತ್ತಿರ ಒಬ್ಬಳು ಹುಡುಗಿ ಇದ್ದಳು. ತೀವ್ರ ಉಬ್ಬಸ. ಮತ್ತೆ ಮತ್ತೆ ಆಸ್ಪತ್ರೆಗೆ ಸೇರಿಸಬೇಕಾಗುತ್ತಿತ್ತು. 2013ರಲ್ಲಿ, 9 ವರ್ಷಕ್ಕೇ ತೀರಿಹೋದಳು. ಅವಳ ತಾಯಿ ಸುಮ್ನೆ ಕೂರಲಿಲ್ಲ, ವರ್ಷಗಟ್ಟಲೆ ಹೋರಾಡಿ ಮಗಳ ಸಾವಿನ ಕಾರಣದ ಬಗ್ಗೆ ಎರಡನೇ ಸಲ ವಿಚಾರಣೆ ಮಾಡಿಸಿದರು. 2020ರ ಡಿಸೆಂಬರ್‌ನಲ್ಲಿ ವಿಚಾರಣಾ ಅಧಿಕಾರಿ, ಈ ಸಾವಿಗೆ ಗಾಳಿಯ ಮಾಲಿನ್ಯವೂ ಕಾರಣ ಅಂತ ಬರೆದರು. ಆ ದೇಶದಲ್ಲಿ ಸಾವಿನ ಕಾರಣದ ಜಾಗದಲ್ಲಿ ಹಾಗೆ ಬರೆದದ್ದು ಅದೇ ಮೊದಲು. ಈ ಸುದ್ದಿ ಓದಿದ ರಾತ್ರಿ ಮಗಳ ಉಸಿರಿನ ಸದ್ದು ಕೇಳುತ್ತಾ ತುಂಬಾ ಹೊತ್ತು ಎಚ್ಚರವಾಗಿದ್ದೆ.

ಜಾಗೃತಿಯಿಂದಲೇ ಎಲ್ಲ ಸರಿಹೋಗುತ್ತದೆ ಅನ್ನುವವರಿಗೆ ನಾನು ಸೀಸದ ಕಥೆ ನೆನಪಿಸುತ್ತೇನೆ. 1921ರಲ್ಲಿ ಪೆಟ್ರೋಲಿಗೆ ಸೀಸದ ಒಂದು ಸಂಯುಕ್ತ ಬೆರೆಸಿದರೆ ಇಂಜಿನ್ ಒಳಗೆ ಟಕಟಕ ಅಂತ ಬಡಿದುಕೊಳ್ಳುವುದಿಲ್ಲ ಅಂತ ಅಮೆರಿಕದಲ್ಲಿ ಕಂಡುಹಿಡಿದರು. ಸೀಸ ವಿಷ ಅಂತ ಆಗಲೇ ಗೊತ್ತಿತ್ತು. ಆದರೂ ಎರಡು ವರ್ಷದಲ್ಲಿ ಮಾರಾಟ ಶುರುವಾಯಿತು. ಮುಂದಿನ ಎಷ್ಟೋ ದಶಕ ಜಗತ್ತಿನ ಮಕ್ಕಳೆಲ್ಲ ಆ ಸೀಸವನ್ನು ಉಸಿರಾಡಿದರು, ಅವರ ಮಿದುಳಿಗೆ ಅದು ಪೆಟ್ಟು ಕೊಟ್ಟಿತು. ಕೊನೆಯದಾಗಿ ಅಲ್ಜೀರಿಯಾ 2021ರ ಜುಲೈನಲ್ಲಿ ಕಾರುಗಳಿಗೆ ಅದನ್ನು ಮಾರುವುದನ್ನು ನಿಲ್ಲಿಸಿತು. ಹತ್ತಿರ ಹತ್ತಿರ ನೂರು ವರ್ಷ. ಅದು ನಿಂತದ್ದು ಯಾರೋ ಒಬ್ಬ ಗ್ರಾಹಕ ಪಂಪಿನಲ್ಲಿ ನಿಂತು ‘ನನಗೆ ಸೀಸ ಬೇಡ’ ಅಂದದ್ದರಿಂದ ಅಲ್ಲ. ಒಂದೊಂದು ದೇಶದ ಸರ್ಕಾರವೂ ನಿಯಮ ಮಾಡಿ, ತಾರೀಖು ಕೊಟ್ಟು, ಸೀಸವಿಲ್ಲದ ಪೆಟ್ರೋಲ್ ಸಿಗುವ ಹಾಗೆ ಮಾಡಿದ್ದರಿಂದ. ನಿಮ್ಮ ಜಾಗದಲ್ಲಿ ಕೂತವರೇ ಅದನ್ನು ಮಾಡಿದ್ದು.

ದೆಹಲಿಯಲ್ಲೂ ಹಾಗೇ ಆಯಿತು. 1998ರಲ್ಲಿ ಸುಪ್ರೀಂ ಕೋರ್ಟ್ ಆದೇಶ ಕೊಟ್ಟ ಮೇಲೆ ಸಿಟಿ ಬಸ್ಸುಗಳೆಲ್ಲ ಡೀಸೆಲ್ ಬಿಟ್ಟು ಸಿಎನ್‌ಜಿಗೆ ಬಂದವು. 2002ರ ಕೊನೆಗೆ ಆ ಕೆಲಸ ಮುಗಿಯಿತು. ಬಸ್ಸಿನ ಹಿಂದೆ ಏಳುತ್ತಿದ್ದ ಕಪ್ಪು ಹೊಗೆ ನಿಂತಿತು. ಆದರೆ ಆಮೇಲೆ ಸ್ವಂತ ಗಾಡಿಗಳ ಸಂಖ್ಯೆ ಏರುತ್ತಲೇ ಹೋಯಿತು, ಗಳಿಸಿದ ಲಾಭದಲ್ಲಿ ಬಹಳಷ್ಟು ಅದರಲ್ಲೇ ಕರಗಿತು. ಇಂಧನ ಬದಲಿಸಿದರೆ ಸಾಲದು, ಗಾಡಿಗಳೂ ಕಡಿಮೆಯಾಗಬೇಕು ಅನ್ನೋದಕ್ಕೆ ನನಗೆ ಇದಕ್ಕಿಂತ ಒಳ್ಳೆ ಉದಾಹರಣೆ ಗೊತ್ತಿಲ್ಲ.

ಅದಕ್ಕೇ ಎಲೆಕ್ಟ್ರಿಕ್ ಕಾರಿನ ಬಗ್ಗೆ ನನಗೆ ಸಂತೋಷವೂ ಇದೆ, ಸ್ವಲ್ಪ ಅನುಮಾನವೂ ಇದೆ. ಪೆಟ್ರೋಲ್ ಇಂಜಿನ್‌ನಲ್ಲಿ ಇಂಧನದ ಶಕ್ತಿಯಲ್ಲಿ ಸುಮಾರು ಕಾಲುಭಾಗ ಮಾತ್ರ ಚಕ್ರಕ್ಕೆ ಹೋಗುತ್ತದೆ, ಉಳಿದದ್ದು ಹೆಚ್ಚಾಗಿ ಬಿಸಿಯಾಗಿ ಹೋಗುತ್ತದೆ. ಎಲೆಕ್ಟ್ರಿಕ್ ಗಾಡಿಯಲ್ಲಿ ಮುಕ್ಕಾಲು ಭಾಗಕ್ಕೂ ಜಾಸ್ತಿ ಚಕ್ರಕ್ಕೇ ಸೇರುತ್ತದೆ. ಸೈಲೆನ್ಸರ್ ಇಲ್ಲ, ಗೇಟಿನ ಮುಂದೆ ಹೊಗೆ ಇಲ್ಲ. ವಿದ್ಯುತ್ತನ್ನು ಕಲ್ಲಿದ್ದಲಿನಿಂದ ಮಾಡಿದರೆ ಹೊಗೆ ಇನ್ನೊಂದು ಕಡೆ ಏಳುತ್ತದೆ ನಿಜ, ಆದರೆ ಸೂರ್ಯ, ಗಾಳಿಯಿಂದ ಬರುವ ವಿದ್ಯುತ್ ಹೆಚ್ಚಾದ ಹಾಗೆಲ್ಲ ಓಡುತ್ತಿರುವ ಅದೇ ಗಾಡಿ ಇನ್ನಷ್ಟು ಶುದ್ಧವಾಗುತ್ತದೆ. ಪೆಟ್ರೋಲ್ ಗಾಡಿ ಹಳೆಯದಾದ ಹಾಗೆ ಕೊಳಕಾಗುತ್ತದೆ. ಆದರೆ ಟೈರು ಸವೆದು ಏಳುವ ಧೂಳು ಎಲೆಕ್ಟ್ರಿಕ್ ಕಾರಿನಿಂದಲೂ ಬರುತ್ತದೆ. ಅದೂ ರಸ್ತೆಯಲ್ಲಿ ಅಷ್ಟೇ ಜಾಗ ತಿನ್ನುತ್ತದೆ. ಒಬ್ಬರೇ ಕೂತ ಐವತ್ತು ಪೆಟ್ರೋಲ್ ಕಾರುಗಳ ಬದಲು ಒಬ್ಬರೇ ಕೂತ ಐವತ್ತು ಎಲೆಕ್ಟ್ರಿಕ್ ಕಾರುಗಳು ಬಂದರೆ ಟ್ರಾಫಿಕ್ ಹಾಗೇ ಇರುತ್ತದೆ, ಅಲ್ವಾ? ಆ ಐವತ್ತು ಜನ ಒಂದೇ ಬಸ್ಸಿನಲ್ಲಿ ಹಿಡಿಸುತ್ತಾರೆ.

ಎಥನಾಲ್, ಹೈಡ್ರೋಜನ್ ಬಗ್ಗೆಯೂ ಭಾಷಣಗಳಲ್ಲಿ ಕೇಳುತ್ತೇವೆ. ಎಥನಾಲಿಗೆ ಹೆಚ್ಚಾಗಿ ಬೆಳೆ ಬೇಕು, ಬೆಳೆಗೆ ನೆಲ, ನೀರು ಬೇಕು. ಉರಿಸಿದರೆ ಅದರಿಂದಲೂ ಹೊಗೆ ಬರುತ್ತದೆ. ಹೈಡ್ರೋಜನ್ನನ್ನು ಇವತ್ತಿಗೂ ಬಹುಪಾಲು ಮಾಡುತ್ತಿರುವುದು ನೈಸರ್ಗಿಕ ಅನಿಲ, ಕಲ್ಲಿದ್ದಲಿನಿಂದಲೇ. ಅವುಗಳಿಗೆ ಕಾಯುತ್ತಾ ಕೂರುವುದು ಬೇಡ.

ಹಣ ಹಾಕುವುದಾದರೆ ಮೊದಲು ದಿನವಿಡೀ ಓಡುವ ಗಾಡಿಗಳಿಗೆ ಹಾಕಿ. ಸ್ವಂತ ಕಾರು ದಿನದ ಹೆಚ್ಚು ಹೊತ್ತು ಸುಮ್ನೆ ನಿಂತಿರುತ್ತದೆ. ಬಸ್ಸು, ಟ್ಯಾಕ್ಸಿ, ಸಾಮಾನು ಸಾಗಿಸುವ ಗಾಡಿ ಬೆಳಗಿನಿಂದ ರಾತ್ರಿವರೆಗೆ ಜನರ ಮಧ್ಯೆಯೇ ಓಡುತ್ತವೆ. ಹಾಗಾಗಿ ಒಂದು ಬಸ್ಸು ಬದಲಾದರೆ ಅದರ ಲಾಭ ಇಡೀ ಬೀದಿಗೆ. ಚೀನಾದ ಶೆನ್‌ಜೆನ್ ನಗರ 2017ರ ಕೊನೆಯ ಹೊತ್ತಿಗೆ ತನ್ನ 16,000ಕ್ಕೂ ಹೆಚ್ಚು ಬಸ್ಸುಗಳನ್ನು ಎಲೆಕ್ಟ್ರಿಕ್ ಮಾಡಿ ಮುಗಿಸಿತು. ರಾತ್ರಿ ಚಾರ್ಜ್ ಮಾಡಲು ಡಿಪೋ, ಮಧ್ಯೆ ಚಾರ್ಜ್ ಮಾಡಲು ಜಾಗ, ಸರ್ಕಾರದ ಸಹಾಯಧನ, ಎಲ್ಲವನ್ನೂ ಒಟ್ಟಿಗೆ ಯೋಚಿಸಿದ್ದರು. ಬಸ್ಸು ತಂದು ನಿಲ್ಲಿಸಿ ಆಮೇಲೆ ಚಾರ್ಜರ್ ಹುಡುಕುವ ಹಾಗಾಗಬಾರದು.

‘ಜನ ಸಿಟ್ಟಾಗುತ್ತಾರೆ’ ಅನ್ನುವ ಭಯ ನಿಮಗೆ ಇರಬಹುದು, ಅದು ನನಗೂ ಅರ್ಥವಾಗುತ್ತದೆ. ಸ್ವೀಡನ್ನಿನ ರಾಜಧಾನಿ ಸ್ಟಾಕ್‌ಹೋಮ್‌ನಲ್ಲಿ ಜನ ಸಿಟ್ಟಾಗಿಯೇ ಇದ್ದರು. 2006ರ ಜನವರಿಯಲ್ಲಿ ಅಲ್ಲಿ ನಗರದ ಮಧ್ಯಕ್ಕೆ ಬರುವ ಕಾರುಗಳಿಗೆ ಶುಲ್ಕ ಹಾಕಿದರು, ಏಳು ತಿಂಗಳ ಪ್ರಯೋಗ ಅಂತ. ಶುರುವಾಗುವ ಮೊದಲು ವಿರೋಧವೇ ಜಾಸ್ತಿ ಇತ್ತು. ಆದರೆ ಅವರು ಒಂದು ಕೆಲಸವನ್ನು ಮುಂಚೆಯೇ ಮಾಡಿದ್ದರು. ಶುಲ್ಕ ಹಾಕುವುದಕ್ಕೆ ನಾಲ್ಕು ತಿಂಗಳ ಹಿಂದೆ, 2005ರ ಆಗಸ್ಟ್‌ನಲ್ಲೇ, ಸುಮಾರು 200 ಹೊಸ ಬಸ್ಸುಗಳನ್ನು ರಸ್ತೆಗೆ ಇಳಿಸಿದ್ದರು. ಮೊದಲು ದಾರಿ ಕೊಟ್ಟರು, ಆಮೇಲೆ ದುಡ್ಡು ಕೇಳಿದರು. ಶುಲ್ಕದ ಗಡಿ ದಾಟುವ ಗಾಡಿಗಳಲ್ಲಿ ಹೆಚ್ಚುಕಡಿಮೆ ಐದರಲ್ಲಿ ಒಂದು ಪಾಲು ಕಡಿಮೆಯಾಯಿತು. ಜುಲೈ ಕೊನೆಗೆ ಪ್ರಯೋಗ ನಿಲ್ಲಿಸಿದಾಗ ಮತ್ತೆ ಗಾಡಿಗಳು ತುಂಬಿಕೊಂಡವು. ಜನ ಎರಡನ್ನೂ ಕಣ್ಣಾರೆ ಕಂಡಿದ್ದರು. ಸೆಪ್ಟೆಂಬರ್‌ನಲ್ಲಿ ಮತ ಕೇಳಿದಾಗ ನಗರದ ಹೆಚ್ಚಿನವರು ‘ಇರಲಿ’ ಅಂದರು. 2007ರಿಂದ ಅದು ಕಾಯಂ ಆಗಿದೆ.

ಇಲ್ಲಿ ಒಂದು ಎಚ್ಚರ ಬೇಕು. ಹಳೇ ಗಾಡಿ ಇಟ್ಟುಕೊಂಡು ದಿನದ ದುಡಿಮೆ ಮಾಡುವವರ ಮೇಲೆ ದಂಡ ಹಾಕಿ ಕೈ ತೊಳೆದುಕೊಳ್ಳಬೇಡಿ. ಲಂಡನ್ ಹಳೇ ವಾಹನಗಳಿಗೆ ದಿನದ ಶುಲ್ಕ ಹಾಕಿದಾಗ, ಅವನ್ನು ಗುಜರಿಗೆ ಕೊಡುವವರಿಗೆ ಸಹಾಯಧನವನ್ನೂ ಕೊಟ್ಟಿತು. ಗಾಳಿ ಶುದ್ಧ ಮಾಡುವ ಖರ್ಚು ಬಡವರ ತಲೆಗೆ ಬಂದರೆ ನಾನು ಅವರ ಪರವೇ ನಿಲ್ಲುತ್ತೇನೆ.

ಶಾಲೆಯ ಗೇಟಿನ ವಿಷಯಕ್ಕೆ ಜಾಸ್ತಿ ಹಣವೂ ಬೇಕಿಲ್ಲ. ಶಾಲೆ ಶುರುವಾಗುವ, ಬಿಡುವ ಹೊತ್ತಿಗೆ ಅರ್ಧ ಗಂಟೆ ಆ ರಸ್ತೆಗೆ ಗಾಡಿ ಬಿಡಬೇಡಿ. ಇಟಲಿಯ ಬೊಲ್ಜಾನೋದಲ್ಲಿ ಇದನ್ನು 1989ರಲ್ಲೇ ಶುರು ಮಾಡಿದ್ದರು, ಈಗ ಲಂಡನ್ನಿನ ನೂರಾರು ಶಾಲೆಗಳ ಮುಂದೆ ಇದೆ. ದೂರದಿಂದ ಬರುವವರು ಗಾಡಿಯನ್ನು ಸ್ವಲ್ಪ ಆಚೆ ನಿಲ್ಲಿಸಿ ಮಗುವಿನ ಕೈ ಹಿಡಿದು ನಡೆದು ಬರುತ್ತಾರೆ. ನಡೆಯಲು ಕಷ್ಟವಾಗುವ ಮಕ್ಕಳ ಗಾಡಿಗೆ ಮಾತ್ರ ಬಿಡಬೇಕು. ಹಾಗೇ ಗಾಳಿ ಅಳೆಯುವ ಒಂದು ಯಂತ್ರವನ್ನು ಕಟ್ಟಡದ ಮೇಲಲ್ಲ, ಗೇಟಿನ ಪಕ್ಕ, ಮಕ್ಕಳ ಮುಖದ ಎತ್ತರಕ್ಕೆ ಇಡಿಸಿ. ಬಂದ ಅಂಕಿ ಎಲ್ಲರಿಗೂ ಕಾಣಲಿ.

ನಿಮ್ಮಿಂದ ನನಗೆ ಎರಡೇ ಉತ್ತರ ಬೇಕು. ಹೋದ ವರ್ಷ ನಿಮ್ಮ ಇಲಾಖೆ ಜಾಗೃತಿ ಫಲಕ, ಜಾಹೀರಾತು, ಸಪ್ತಾಹಗಳಿಗೆ ಖರ್ಚು ಮಾಡಿದ್ದೆಷ್ಟು? ರಸ್ತೆಗೆ ಇಳಿಸಿದ ಹೊಸ ಬಸ್ಸುಗಳೆಷ್ಟು? ಮುಂದಿನ ಬಜೆಟ್ ಮಾಡುವಾಗ ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮೊದಲನೆಯದರ ದುಡ್ಡನ್ನು ಎರಡನೆಯದಕ್ಕೆ ಹಾಕಿದರೆ ನಮ್ಮ ಸ್ಟಾಪಿನ ಫ್ಲೆಕ್ಸನ್ನು ಬಿಚ್ಚಿಕೊಂಡು ಹೋಗಿ, ನಮಗೇನೂ ಬೇಸರವಿಲ್ಲ. ಆ ಜಾಗದಲ್ಲಿ ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ ಅಂತ ಬರೆದ ಬೋರ್ಡು ಹಾಕಿಸಿ, ಆ ಹೊತ್ತಿಗೆ ಬಸ್ಸು ಬರಲಿ. ನನ್ನ ಸ್ಕೂಟರ್ ಮನೆಯಲ್ಲೇ ನಿಲ್ಲುತ್ತದೆ. ಇದು ನನ್ನ ಮಾತು.

ಇಂತಿ,
ನಿಮ್ಮ ಉತ್ತರಕ್ಕೆ ಕಾಯುತ್ತಿರುವ
ಒಬ್ಬ ತಾಯಿ